ಅಂಚಿನಲ್ಲಿ ಬರೆದದ್ದು

ಮಳೆ ಅಳೆಯುವ ಕೆಲಸ ನನ್ನದು.
ಮೇಕೆ ನುಗ್ಗದಂತೆ ಮುಳ್ಳುಬೇಲಿ, ಅದರೊಳಗೆ
ಒಂದು ತಗಡಿನ ಡಬ್ಬಿ, ಒಂದು ಗಾಜಿನ ಕೊಳವೆ.
ಬೆಳಗಿನ ಎಂಟಕ್ಕೆ ಕಣ್ಣಳತೆಗೆ ಎತ್ತಿ ಹಿಡಿದು
ನೀರು ನಿಂತ ಗೆರೆ ಬರೆದರಾಯಿತು.
ಕಾವ್ಲಾಕ್ ಪಟ್ಟಣದ ಕಚೇರಿಗೆ ಅಷ್ಟೇ ಸಾಕು.

ಪುಸ್ತಕದ ಅಂಚು ಮಾತ್ರ ಖಾಲಿ ಬಿದ್ದಿರುತ್ತದೆ.
ಖಾಲಿ ಜಾಗ ಕಂಡರೆ ನನಗೆ ಸುಮ್ಮನಿರಲಾಗದು.

ಜೂನ್ ಇಪ್ಪತ್ತೆಂಟು. ಮೂವತ್ತೊಂದು ಮಿಲಿಮೀಟರು.
ಅಂಚಿನಲ್ಲಿ: ರಾತ್ರಿ ದೀಪದ ಸುತ್ತ ಪತಂಗ,
ನ್ಯಿಲಾನಳ ಸಜ್ಜೆ ಗಂಜಿಯಲ್ಲೂ ಮೂರು.
ಎಂಟು ತಿಂಗಳು ಮಣ್ಣಲ್ಲಿ ಸತ್ತಂತೆ ಮಲಗಿದ್ದವು
ಮೊದಲ ಹನಿಯ ಸದ್ದಿಗೆ ಎದ್ದವು, ನಮ್ಮ ಹಾಗೆಯೇ:
ಬಿತ್ತಲು ನಾವು, ಮೊಟ್ಟೆಯಿಡಲು ಅವು.
ಶೇಂಗಾ ನಾಲ್ಕೆಲೆ ಬಿಡುವಷ್ಟರಲ್ಲಿ
ಸಾಲಿಂದ ಸಾಲಿಗೆ ಕಂಬಳಿಹುಳುಗಳ ದಂಡು.
ಮಕ್ಕಳು ಡಬ್ಬ ಹಿಡಿದು ಆರಿಸಿದರು. ರಾತ್ರಿಯೆಲ್ಲ ಕೈ ತುರಿಕೆ.

ಜುಲೈ ಹತ್ತರಿಂದ ಇಪ್ಪತ್ತೇಳು:
ಸೊನ್ನೆ. ಸೊನ್ನೆ. ಸೊನ್ನೆ.
ಕಚೇರಿಗೆ ಅದು ಬರೀ ಸೊನ್ನೆ.
ನನಗೋ, ಚಿಗುರಿನಡಿ ಕಪ್ಪು ಹೇನಿನ ಸಂಸಾರ,
ಗಂಡಿಲ್ಲದೆ ಹೆರುವ ಜಾತಿ,
ಹೊಟ್ಟೆಯ ಮರಿಯ ಹೊಟ್ಟೆಯಲ್ಲೇ ಇನ್ನೊಂದು ಮರಿ.
ಇರುವೆಗಳು ಅವನ್ನು ಕರೆಯುವ ಹಸುವಿನಂತೆ ಕಾಯುತ್ತವೆ.
ಗಿಡ ಕುಳ್ಳಾಗಿ, ಎಲೆ ಹಳದಿಗಟ್ಟಿ ಮುದುರುತ್ತದೆ.
ಲತೀರ್ ಬೂದಿ ಎರಚಿದ.
ಜೋಗೊಯ್ ಆಕಾಶಕ್ಕೆ ಬೈದ, ಆಮೇಲೆ ನನಗೆ,
ಕೊಳವೆ ನನ್ನ ಕೈಯಲ್ಲಿದೆಯೆಂದು.

ಇಪ್ಪತ್ತೆಂಟರ ರಾತ್ರಿ ಮೂಡಣದಲ್ಲಿ ಕೆಂಪು ಗೋಡೆ ಎದ್ದಿತು,
ಧೂಳು ಮುಂದೆ, ನೀರು ಹಿಂದೆ.
ಐವತ್ತೆಂಟು!
ಬೆಳಗ್ಗೆ ಎಲೆ ಮಗುಚಿದರೆ ಹೇನಿಲ್ಲ,
ತಲೆ ಬಾಚಿಸಿಕೊಂಡು ಕೂತ ಹುಡುಗಿಯ ಹಾಗೆ ಗಿಡ.
ಜೋಗೊಯ್‌ನ ತಗ್ಗು ಹೊಲದ ಮೂರು ಸಾಲನ್ನೂ
ಅದೇ ನೀರು ಬಾಚಿಕೊಂಡು ಹೋಗಿತ್ತು.

ಸೆಪ್ಟೆಂಬರಿನಲ್ಲಿ ಮಳೆ ಹೇಳದೆ ಕೇಳದೆ ಹೊರಟುಹೋಯಿತು.
ನೆಲ ಬಿರಿಯಿತು. ಬಿರುಕೆಂದರೆ ಗೆದ್ದಲಿಗೆ ಬಾಗಿಲು.
ಕಿತ್ತ ಕಾಯಿಯ ಮೈಮೇಲಿನ ಗೆರೆಗಳೆಲ್ಲ ಸವೆದು
ಸಿಪ್ಪೆ ಕಾಗದದಷ್ಟು ತೆಳು.

ನವೆಂಬರಿನಲ್ಲಿ ಕಚೇರಿಯ ಹುಡುಗ ಮೋಟಾರ್ ಸೈಕಲ್ಲಿನಲ್ಲಿ ಬಂದ.
ಅಂಕಿಗಳನ್ನಷ್ಟೇ ನಕಲು ಮಾಡುತ್ತ,
ಅಂಚಿನ ಮೇಲೆ ಬೆರಳಿಟ್ಟು ಕೇಳಿದ,
"ತೆನಿಂಗ್ ಅಮ್ಮಾ, ಇದೇನು?"
"ಅದೂ ಮಳೆಯೇ ಮಗಾ, ಕಾಲು ಬಂದದ್ದು."
ನಕ್ಕು ಪುಸ್ತಕ ಮುಚ್ಚಿದ.
ಹೋಗುವಾಗ ರಾಶಿಯಿಂದ ಹಿಡಿ ಕಾಯಿ ಜೇಬಿಗಿಳಿಸಿದ.
ಅದರಲ್ಲೊಂದಕ್ಕೆ ದುಂಡನೆಯ ಸಣ್ಣ ತೂತಿತ್ತು. ಹೇಳಲಿಲ್ಲ.

ಆ ದಿನದ ಖಾನೆ: ಸೊನ್ನೆ.
ಅಂಚಿನಲ್ಲಿ: ಹುಣಸೆಮರದ ಕಡೆಯಿಂದ ಬಿಸಿ ಗಾಳಿ.