ಮಳೆಗೆ ಮೊದಲು

ಬೆಲೆಂ ಊರಿನಲ್ಲಿ ಗಂಟೆ ಹೇಳಿ ಬರುವವರು ಕಡಿಮೆ.
‘ಮಳೆಗೆ ಮೊದಲು ಬರ್ತೀನಿ’ ಅಂತಾರೆ,
ಇಲ್ಲವೇ ‘ಮಳೆ ನಿಂತ ಮೇಲೆ.’
ನನ್ನ ಗಿರಾಕಿಗಳೆಲ್ಲ ಮಳೆಗೆ ಮೊದಲಿನವರು.
ನಿಂತ ಮೇಲೆ ಬರುವವರು
ಜಗಳಕ್ಕೆ ಬರುವವರು.

ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಎಂದವರು
ಈ ನದಿಯ ಗಾಳಿಯಲ್ಲಿ
ಒಂದು ಮಧ್ಯಾಹ್ನ ಇದ್ದು ನೋಡಲಿ.

ಡೊರಾಲೀಸ್ ಇಪ್ಪತ್ತಾರು ವರ್ಷ
ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ ಬಂದಳು.
ಮೀನುಪೇಟೆಯನ್ನು ಹೊಸ್ತಿಲಲ್ಲೇ ಕೊಡವಿ
ನನ್ನ ಹರಿದ ಕೆಂಪು ಕುರ್ಚಿಯಲ್ಲಿ ಕೂತು
‘ಇದಕ್ಕೊಂದು ಬುದ್ಧಿ ಹೇಳು, ಜೀಲ್ಡಾ’ ಎಂದು
ಹಠಮಾರಿ ಮಗುವನ್ನು ಒಪ್ಪಿಸುವ ಹಾಗೆ
ತಲೆಯನ್ನು ನನ್ನ ಕೈಗೆ ಕೊಡುತ್ತಿದ್ದಳು.

ಎಂಥ ಕೂದಲದು!
ಹಲ್ಲು ಉದುರಿಸಿಕೊಂಡ ಬಾಚಣಿಗೆಗಳು ಒಂದೆರಡಲ್ಲ.
ಒದ್ದೆಯಿದ್ದಾಗ ಬಳ್ಳಿ ಸುರುಳಿ;
ಒಣಗುತ್ತ ಒಣಗುತ್ತ ಒಂದೊಂದು ಎಳೆಯೂ
ಪಕ್ಕದ ಎಳೆಯೊಡನೆ ಮಾತು ಬಿಟ್ಟು
ತನ್ನ ದಾರಿ ಹಿಡಿಯುವುದು,
ಬೂರುಗದ ಕಾಯಿ ಬಿರಿದ ಹಾಗೆ.

ಅಂಡಿರೋಬ ಎಣ್ಣೆ ತಿಕ್ಕಿ, ನಾಲ್ಕು ಪಾಲು ಮಾಡಿ,
ಹಿಡಿಗೆ ಬಟ್ಟೆ ಸುತ್ತಿದ ಕಬ್ಬಿಣದ ಬಾಚಣಿಗೆ ಕಾಯಿಸಿ
ನೆತ್ತಿಯಿಂದ ತುದಿಗೆ,
ನೆತ್ತಿಯಿಂದ ತುದಿಗೆ.
ಹೊಗೆ. ಕಮಟು ವಾಸನೆ.
ಕಿವಿ ಸುಡದಂತೆ ತಾನೇ ಮಡಚಿ ಹಿಡಿಯುತ್ತಿದ್ದಳು,
ಉಗುರ ಸಂದಿಯಲ್ಲಿ ಮೀನಿನ ಹುರುಪೆ ಮಿನುಗುತ್ತಿತ್ತು.

ಹನ್ನೊಂದಕ್ಕೆ ಕನ್ನಡಿಯಲ್ಲಿ ಬೇರೊಬ್ಬಳು.
ಕೂದಲು ನೇರ, ಯಾಕೋ ಬೆನ್ನೂ ನೇರ.
ಅದನ್ನೊಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬೀಸಿ ನೋಡಿ
ದುಡ್ಡನ್ನು ಟವೆಲ್ ಕೆಳಗಿಟ್ಟು
ಹೊರಟುಬಿಡುವಳು.

ಮೂರಕ್ಕೆ ಮಳೆ.
ಹನಿ ತಾಗಬೇಕೆಂದೇ ಇಲ್ಲ ಅವಳ ಕೂದಲಿಗೆ,
ಮಳೆಯ ಸುದ್ದಿ ತಾಗಿದರೆ ಸಾಕು.
‘ಇಷ್ಟು ಕಷ್ಟ ಯಾಕೆ ಮಾರಾಯ್ತಿ?’ ಎಂದು ಒಮ್ಮೆ ಕೇಳಿದ್ದೆ.
‘ವಾರಕ್ಕೆ ನಾಲ್ಕು ಗಂಟೆ, ಜೀಲ್ಡಾ.
ನನಗೆ ಅಷ್ಟು ಸಾಕು.’
ಆ ನಾಲ್ಕು ಗಂಟೆ ಎಲ್ಲಿಗೆ ಹೋಗುವೆ ಎಂದು
ಅವಳೂ ಹೇಳಲಿಲ್ಲ,
ನಾನೂ ಕೆದಕಲಿಲ್ಲ.

ಗುರುವಾರ ರಾತ್ರಿ ಹೋದಳು.
ಶುಕ್ರವಾರ ಅವಳ ಮನೆಯಲ್ಲಿ, ಮೇಣದಬತ್ತಿಗಳ ನಡುವೆ,
ಹೆಣ್ಣುಮಕ್ಕಳಿಬ್ಬರೂ ಅಮ್ಮನ ತಲೆಯ ಮೇಲೆ ಜಗಳಾಡುತ್ತಿದ್ದರು.
‘ಅಮ್ಮ ಚೆಂದ ಕಾಣಬೇಕು, ನೇರ ಮಾಡಿ,’ ಎಂದಳು ಎಡಿಲೆನೆ.
ಜಸೀರಾ ಚಿಕ್ಕವಳು, ದನಿ ಒಡೆದಿತ್ತು:
‘ನಾನು ಅದರೊಳಗೆ ಕೈಯಿಟ್ಟು ನಿದ್ದೆ ಹೋದವಳು.
ಮುಟ್ಟಬೇಡಿ.’

ನಾನು ಹಿರಿಯವಳ ಮಾತು ಕೇಳಿದೆ.
ಕೈಗೆ ಬೇರೆ ಗೊತ್ತಿರಲಿಲ್ಲ.
ಕಿವಿಯನ್ನು ಈ ಸಲ ನಾನೇ ಮಡಚಿ ಹಿಡಿದೆ.
ತಣ್ಣಗಿತ್ತು.

ಎರಡೂವರೆಗೆ ಒಬ್ಬ ಮುದುಕ ಬಂದ.
ಇಸ್ತ್ರಿ ಹಾಕಿದ ಅಂಗಿ, ದೋಣಿಯವನ ದಪ್ಪ ಕೈ.
ಯಾರಿಗೂ ಅವನ ಗುರುತಿಲ್ಲ.
ಟೋಪಿ ತೆಗೆದು, ಆ ನೇರ ಕೂದಲನ್ನು,
ಮುಖವನ್ನಲ್ಲ, ಕೂದಲನ್ನು,
ತುಂಬ ಹೊತ್ತು ನೋಡಿದ.
ಮೋಡ ನೋಡಿದ. ಹೊರಟ.

ಆಮೇಲೆ ಬಂತು.
ತಗಡಿನ ಮೇಲೆ ಸದ್ದು, ಕಿಟಕಿಯಿಂದ ಒದ್ದೆ ಗಾಳಿ.
ಮೊದಲು ಹಣೆಯ ಬಳಿ ಒಂದೆಳೆ ಎದ್ದಿತು,
ಹಿಂದೆಯೇ ಇನ್ನೊಂದು,
ಕಿವಿಯ ಪಕ್ಕ ಒಂದು ಗುಂಪು.
ಯಾರೂ ಮಾತಾಡಲಿಲ್ಲ.
ಬಿಳಿ ದಿಂಬಿನ ಮೇಲೆ ಮೆಲ್ಲಗೆ, ತನಗೆ ತಾನೇ,
ಡೊರಾಲೀಸಳ ಕೂದಲು ಉಬ್ಬುತ್ತ
ಪೆಟ್ಟಿಗೆಯ ಅಂಚಿನವರೆಗೆ ಬಂತು.

ಎಡಿಲೆನೆ ನಕ್ಕುಬಿಟ್ಟಳು.
ಅಳುತ್ತಲೇ ನಕ್ಕಳು.
ಜಸೀರಾ ಮೊಣಕಾಲೂರಿ
ಐದೂ ಬೆರಳು ಒಳಗಿಟ್ಟಳು.

ಮುಚ್ಚಳ ಹಾಕುವಾಗ ಹೊರಗುಳಿದದ್ದನ್ನು
ನಾನೇ ಒಳಗೆ ಸೇರಿಸಿದೆ.
ಇಪ್ಪತ್ತಾರು ವರ್ಷದ ಕೆಲಸ;
ಅವತ್ತೂ ಒಂದು ಎಳೆ
ಕೇಳಲೇ ಇಲ್ಲ.