ಸಾವಿರದ ಎಂಟುನೂರು ಬೆಲ್‌ಬಾಟಮ್

ಹೊನ್ನೂರಸ್ವಾಮಿ, ಲೈಬ್ರರಿಯ ಹೊಸ ಹುಡುಗ,
ರಿಜಿಸ್ಟರಿನಿಂದ ತಲೆ ಎತ್ತಿ ಕೇಳುತ್ತಾನೆ:
"ಅಕ್ಕಾ, ವ್ಯಾಪಾರದ ಪುಸ್ತಕ ಯಾವುದು ಚಲೋ ಐತೆ ಹೇಳ್ರಿ,
ಕೇಳಿದೋರಿಗೆ ಕೊಡಾಕೆ ಒಂದು ಪಟ್ಟಿ ಮಾಡ್ತೀನಿ."

ಪಟ್ಟಿ ಎಲ್ಲಿಂದ ತರಲಿ ತಮ್ಮಾ,
ರಖುಮಾಬಾಯಿ ಬೊಂಗಾಳೆ ಪೂರ್ತಿ ಓದಿದ್ದು ಒಂದೇ.
ಅದಕ್ಕೂ ರಟ್ಟಿಲ್ಲ, ಬರೆದವನ ಹೆಸರಿಲ್ಲ,
ಒಂಬತ್ತನೇ ಪುಟದಿಂದ ಶುರು.
ಎರಡು ಸಲ ದಂಡ ಕಟ್ಟಿದ್ದೇನೆ. ಈಗಲೂ ಇದೆ,
ಮಷಿನ್ನಿನ ಡ್ರಾದಲ್ಲಿ, ಬಾಬಿನ್‌ಗಳ ಜೊತೆ.

ಏಪ್ರಿಲ್ ತಿಂಗಳು. ಕರೆಂಟು ಹೋದರೆ
ಆರೂ ಮಷಿನ್ ಒಮ್ಮೆಗೇ ಬಾಯಿ ಮುಚ್ಚುತ್ತವೆ,
ತಗಡಿನ ಮೇಲೆ ಬಳ್ಳಾರಿಯ ಬಿಸಿಲು ಮಾತ್ರ
ಕೆಲಸ ಬಿಡುವುದಿಲ್ಲ.
ಹುಡುಗಿಯರು ಒಗ್ಗಾಣಿ ಮಿರ್ಚಿ ತರಿಸಿ ಬಾಗಿಲಲ್ಲಿ ಕೂತಾಗ
ನಾನು ಗೋಡೌನಿನ ಗಂಟುಗಳ ಮೇಲೆ ಕೂತು ಓದುತ್ತಿದ್ದೆ.
ಆ ಗಂಟುಗಳದೇ ಕತೆ.

ಸಾವಿರದ ಎಂಟುನೂರು ಬೆಲ್‌ಬಾಟಮ್.
ಮೊಣಕಾಲಿನ ಕೆಳಗೆ ಗಂಟೆಯ ಹಾಗೆ ಅಗಲ,
ತಾಮ್ರದ ಬಟನ್, ಕಿತ್ತಳೆ ದಾರದ ಜೋಡಿ ಹೊಲಿಗೆ.
ಆರ್ಡರ್ ಹಿಡಿದವಳು ನಾನೇ,
ಗಂಡನೂ ಅಲ್ಲ, ಮೈದುನನೂ ಅಲ್ಲ.
ಮುಂಗಡ ಕೊಟ್ಟವನು ಮಾಲು ಎತ್ತುವ ಹೊತ್ತಿಗೆ
ಫೋನ್ ನಂಬರೇ ಬದಲಿಸಿದ್ದ.
ಮೂರು ವರ್ಷ, ತಿಂಗಳಿಗೆ ನಾಲ್ಕು ಸಾವಿರ ಬಾಡಿಗೆ ಕಟ್ಟಿ
ಅವಕ್ಕೆ ನೆರಳು ಕೊಟ್ಟೆ;
ಇಲಿಗೆ ಔಷಧಿ, ಬಾಗಿಲಿಗೆ ಎರಡನೇ ಬೀಗ.
ಯಾರಾದರೂ ಕೇಳಿದರೆ "ಸ್ಟಾಕ್ ಐತೆ" ಅನ್ನುತ್ತಿದ್ದೆ,
ಬ್ಯಾಂಕಿನಲ್ಲಿ ಐತೆ ಅನ್ನುವವರ ಧಾಟಿಯಲ್ಲಿ.

ಎಪ್ಪತ್ಮೂರನೇ ಪುಟದಲ್ಲಿ ಆ ಮನುಷ್ಯ ಕೇಳುತ್ತಾನೆ:
ನಿನ್ನದೇ ಸಾಮಾನನ್ನು ಇವತ್ತು ಪಕ್ಕದವನೊಬ್ಬ
ನಿನಗೆ ಮಾರಲು ತಂದರೆ
ಎಷ್ಟು ಕೊಟ್ಟು ಕೊಳ್ಳುತ್ತೀ?

ಪುಕ್ಕಟೆ ಕೊಟ್ಟರೂ ಒಯ್ಯುತ್ತಿರಲಿಲ್ಲ ನಾನು.
ಕೂತಿದ್ದ ಗಂಟು ಚುಚ್ಚಿದ ಹಾಗಾಗಿ ಎದ್ದೆ.

ಕಟಿಂಗ್ ಮಾಸ್ಟರ್ ಕಾಜಾಪೀರನಿಗೆ ಓದಿ ಹೇಳಿದರೆ
ಚಾಕ್‌ಪೀಸು ಕಿವಿಗೆ ಸಿಕ್ಕಿಸಿ ಅಂದ:
"ತಪ್ಪು ಕತ್ತರಿಸಿದ ಬಟ್ಟಿ ಎದೆಗೆ ಅವಚಿಕೊಂಡ್ರೆ
ಕತ್ತರಿ ಹಿಡಿಯಾಕೆ ಕೈ ಎಲ್ಲಿರತೈತೆ ಬಾಯಿ?
ಮೂರು ವರ್ಷದಿಂದ ಇದನ್ನೇ ಹೇಳಾಕತ್ತೀನಿ.
ನನ್ನ ಮಾತಿಗೆ ಪುಟದ ನಂಬರ್ ಇಲ್ಲ, ನಿಮಗೆ ಕೇಳಲಿಲ್ಲ."

ಕಿಲೋ ಲೆಕ್ಕದಲ್ಲಿ ಕೊಟ್ಟೆ, ಗಾದಿ ತುಂಬುವವರಿಗೆ.
ಸಾವಿರದ ಎಂಬತ್ತು ಕಿಲೋ, ಕಿಲೋಕ್ಕೆ ಇಪ್ಪತ್ತೆರಡು.
ಆರು ತಿಂಗಳ ಬಾಡಿಗೆಯೂ ಹುಟ್ಟಲಿಲ್ಲ.
ಖಾಲಿ ಗೋಡೌನಿನಲ್ಲಿ ಸೀನಿದೆ,
ಸೀನು ನಾಲ್ಕೂ ಗೋಡೆ ಮುಟ್ಟಿ ವಾಪಸ್ ಬಂತು.
ಆ ರಾತ್ರಿ ದಿಂಬಿನ ಕೆಳಗೆ ಬೀಗದ ಕೈ ಇಲ್ಲದೆ ಮಲಗಿದೆ.

ಇಲ್ಲಿಗೆ ಮುಗಿದಿದ್ದರೆ, ಹೊನ್ನೂರಾ,
ನಿನ್ನ ಪಟ್ಟಿಗೆ ಇದೇ ಮೊದಲ ನಂಬರ್ ಅನ್ನುತ್ತಿದ್ದೆ.

ಎಂಟು ವಾರ ತುಂಬಿರಲಿಲ್ಲ,
ಸೊಲ್ಲಾಪುರದವನೊಬ್ಬ ಮೊಬೈಲಿನಲ್ಲಿ ಫೋಟೋ ಹಿಡಿದು ಬಂದ.
ಯಾರೋ ಸಿನಿಮಾದ ಹುಡುಗಿ,
ಮೊಣಕಾಲಿನ ಕೆಳಗೆ ಗಂಟೆಯ ಹಾಗೆ ಅಗಲ.
"ಇಂಥವು ಎರಡು ಸಾವಿರ ಸಿಗ್ತಾವೇನ್ರಿ?"

ಕಾಜಾಪೀರ ನನ್ನ ಮುಖ ನೋಡಲಿಲ್ಲ,
ಕತ್ತರಿಗೆ ಎಣ್ಣೆ ಬಿಡುತ್ತಾ ಕೂತ.

ರಾತ್ರಿ ಪುಸ್ತಕ ತೆಗೆದೆ, ಬೈಯಲಿಕ್ಕೇ ತೆಗೆದೆ.
ಕಳ್ಳ, ಅದನ್ನೂ ಬರೆದಿಟ್ಟಿದ್ದ:
ಫಲ ನೋಡಿ ನಿರ್ಧಾರ ತೂಗಬೇಡ,
ಆ ದಿನ ನಿನಗೆ ಗೊತ್ತಿದ್ದುದೆಷ್ಟೋ
ಅಷ್ಟನ್ನೇ ತಕ್ಕಡಿಗೆ ಹಾಕು.
ಸರಿಯಾದ ಮಾತೇ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ,
ಸಾವಿರದ ಎಂಟುನೂರು, ಗುಣಿಸು ಮುನ್ನೂರ ಹತ್ತು.
ಗುಣಿಸಲಿಲ್ಲ.

ಬರಕೋ ತಮ್ಮಾ: ರಟ್ಟಿಲ್ಲದ್ದು, ಒಂಬತ್ತನೇ ಪುಟದಿಂದ.
ಆದರೆ ಈಗಲೇ ಯಾರಿಗೂ ಕೊಡಲಾಗದು.
ಸೊಲ್ಲಾಪುರದವನಿಗೆ ಎರಡು ಸಾವಿರ ಹೊಸದಾಗಿ ಕತ್ತರಿಸುತ್ತಿದ್ದೇವೆ,
ಮುಂಗಡ ಅರ್ಧ ಬಂದಿದೆ.
ಇನ್ನರ್ಧ ಕೈಗೆ ಬರುವವರೆಗೆ
ಪುಸ್ತಕ ಡ್ರಾದಲ್ಲೇ ಇರಲಿ.
ದಂಡ ಎಷ್ಟಾದರೂ ಹಾಕು.