ಹದಿನೇಳನೆಯದು

ಸುಂಟಿಕೊಪ್ಪದ ಗುಜರಿಯಲ್ಲಿ ಮೊಯ್ದು
ಅದನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟ.
ನಲವತ್ತೆರಡು ಕಿಲೋ.
ದೋಣಿ ಅಂತ ಒಂದು ಪೈಸೆ ಹೆಚ್ಚಿಲ್ಲ,
ತೂತು ಅಂತ ಒಂದು ಪೈಸೆ ಕಡಿಮೆಯಿಲ್ಲ.

ಪಿಕಪ್ಪಿನಲ್ಲಿ ತರುವಾಗ ಹಾರಂಗಿ ರಸ್ತೆಯ
ಹಂಪಿಗೊಮ್ಮೆ ಡಣಡಣ ಅಂದಿತು.
ಪೊನ್ನವ್ವ ಬಾಗಿಲಿಗೆ ಬಂದು,
"ಯಾರ ಮದುವೆಯ ಅನ್ನದ ಚರಿಗೆ?" ಅಂದಳು.

ರಿಪೇರಿಗೆ ಇದ್ದದ್ದು ಮೂರು ಸಾವಿರದ ಇನ್ನೂರು.
ಆ ಇನ್ನೂರು ಅವಳ ಕರಿಮೆಣಸಿನ ಡಬ್ಬಿಯದು,
ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ.

ಸೀಟಿಗೆ ಗಾಳಿಗೆ ಬಿದ್ದ ಸಿಲ್ವರ್ ಓಕಿನ ಹಲಗೆ.
ಲಂಗರಿಗೆ ಪಲ್ಪರಿನ ಮುರಿದ ಗಾಲಿ.
ತೇಲಲಿ ಅಂತ ಹಲಗೆಯಡಿ
ಮೀನಂಗಡಿ ಕರೀಮ ಬಿಸಾಡಿದ ಥರ್ಮಾಕೋಲು;
ಬಂಗುಡೆ ವಾಸನೆ ಹೋಗಲೇ ಇಲ್ಲ.
ಇರಲಿ, ಸಮುದ್ರ ನೋಡದ ದೋಣಿಗೆ
ಅಷ್ಟಾದರೂ ಸಮುದ್ರ.

ತೂತು ಹುಡುಕಲು ನೀರಿಗಿಳಿಸಬಾರದು.
ನಾಲ್ಕು ಸೈಜುಗಲ್ಲಿನ ಮೇಲಿಟ್ಟು
ಒಳಗೇ ಗೇಣುದ್ದ ನೀರು ತುಂಬಿದೆ.
ಕೆಳಗೆ ಅಂಗಾತ ಮಲಗಿ ಕಾದೆ.
ಮೊದಲ ಹನಿ ಹಣೆಗೆ,
ಎರಡನೆಯದು ಕನ್ನಡಕಕ್ಕೆ.
ಮಗಳ ಕೆಂಪು ಕ್ರೇಯಾನು ಹಿಡಿದು
ಪೊನ್ನವ್ವನೂ ನುಸುಳಿ ಬಂದಳು,
ಹನಿ ಕಂಡಲ್ಲೆಲ್ಲ ಬೊಟ್ಟಿಟ್ಟಳು.
ಹದಿನೇಳು.
ಇಬ್ಬರೂ ಒಂದೇ ಕಡೆ ನೋಡುತ್ತ ಮಲಗಿ
ಎಷ್ಟು ಕಾಲವಾಗಿತ್ತೋ, ಕೇಳಲಿಲ್ಲ.
ಬೆನ್ನು ಒದ್ದೆಯಾದರೂ ಏಳಲಿಲ್ಲ.

ರಿವೆಟ್ಟು ಬಡಿದು, ಮೇಲೆ ಎಂ-ಸೀಲ್ ಒತ್ತಿದೆ.
ಹದಿನಾರು ನಿಂತವು.
ಒಂದು ಈಗಲೂ ಜಿನುಗುತ್ತದೆ.
ಹಿನ್ನೀರಿಗೆ ಹೊರಟರೆ ಎದುರು ಹಲಗೆಯಲ್ಲಿ
ಅರ್ಧ ಕೊಯ್ದ ಎಣ್ಣೆ ಕ್ಯಾನು ಹಿಡಿದು ಪೊನ್ನವ್ವ,
ನೀರು ತೋಡಿ ಎರಚುತ್ತಾಳೆ, ನನ್ನ ಕೆಲಸವನ್ನು ಬಯ್ಯುತ್ತಾಳೆ,
ಗಾಳಕ್ಕೆ ಮೀನು ಕಚ್ಚಿದಾಗ ಮಾತ್ರ ಸುಮ್ಮನಾಗುತ್ತಾಳೆ.

ಎಂ-ಸೀಲ್ ಇನ್ನೂ ಅರ್ಧ ಉಳಿದಿದೆ.